ಕಳಿತದ್ದು ಬೇರೆ, ಕೊಳೆತದ್ದು ಬೇರೆ

ಹೋದ ತಿಂಗಳ ಅಂಕಣದಲ್ಲಿ ‘ಕೆರೆಗೆ ಬಿದ್ದ ಎಲೆಯನ್ನೆಲ್ಲ ಬಳಿದು ತೆಗೆಯಬೇಡಿ’ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಮೂಡಿಗೆರೆಯಿಂದ ಅರಸೀಕೆರೆಯವರೆಗೆ ಕಾಗದಗಳು ಬಂದಿವೆ. ಕೆಲವರು ಬೈದಿದ್ದಾರೆ. ಒಬ್ಬರು ತಮ್ಮ ಕೆರೆಯ ಫೋಟೋ ಕಳಿಸಿ ‘ಇದನ್ನು ನೀವೇ ಬಂದು ಕುಡಿಯಿರಿ’ ಎಂದಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ದರಗು ಎಂದರೆ ಉದುರಿದ ಒಣ ಎಲೆ, ಕೆಸರು, ಲಡ್ಡಾದ ಕೊರಡು ಇವಿಷ್ಟನ್ನೇ ಕೈಗೆತ್ತಿಕೊಂಡಿದ್ದೇನೆ.

ಸಕಲೇಶಪುರದ ಓದುಗರೊಬ್ಬರು: ಮೇಡಂ, ನಮ್ಮ ಕಾಫಿ ತೋಟದ ತಗ್ಗಿನಲ್ಲಿ ಮೂರು ಗುಂಟೆಯ ಕೆರೆ ಇದೆ. ಸುತ್ತ ಅತ್ತಿ, ಹಲಸು, ಸಿಲ್ವರ್ ಓಕ್. ಎಲೆ ಬಿದ್ದು ಬಿದ್ದು ನೀರು ಕಷಾಯದ ಬಣ್ಣಕ್ಕೆ ತಿರುಗಿದೆ. ಒಂದು ಮೂಲೆಯಲ್ಲಿ ಕೊಳೆತ ಮೊಟ್ಟೆಯ ನಾತ. ಕೆರೆ ಖಾಲಿ ಮಾಡಿಸಿ ತಳ ಕಾಣುವವರೆಗೆ ಬಳಿಸಲೇ, ಬೇಡವೇ? ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಾದರೆ, ಬೇಡ. ಆದರೆ ಆ ಮೂಲೆಯ ನಾತಕ್ಕೆ ಒಂದು ಮಾತು ಸಾಲದು.

ಕಷಾಯದ ಬಣ್ಣವೂ ನಾತವೂ ಒಂದೇ ರೋಗದ ಎರಡು ಲಕ್ಷಣ ಎಂದು ನೀವು ತಿಳಿದಂತಿದೆ. ಅಲ್ಲ. ಬಣ್ಣ ಎಲೆಯ ಒಗರಿನದು. ನೀರಿಗೆ ಬಿದ್ದ ಮೊದಲ ಒಂದೆರಡು ದಿನಗಳಲ್ಲೇ ಎಲೆ ತನ್ನ ಸಕ್ಕರೆ, ಪೊಟ್ಯಾಷ್, ಟ್ಯಾನಿನ್‌ಗಳನ್ನು ಬಿಟ್ಟುಕೊಡತೊಡಗುತ್ತದೆ. ಟೀ ಸೊಪ್ಪು ಬಿಸಿನೀರಿನಲ್ಲಿ ಐದು ನಿಮಿಷಕ್ಕೆ ಮಾಡುವುದನ್ನು ಅತ್ತಿ ಎಲೆ ತಣ್ಣೀರಿನಲ್ಲಿ ನಿಧಾನವಾಗಿ ಮಾಡುತ್ತದೆ, ಅಷ್ಟೆ. ಆ ಬಣ್ಣವೊಂದರಿಂದಲೇ ಕಪ್ಪೆಗೂ ಮೀನಿಗೂ ಕೆಡುಕಿಲ್ಲ.

ನಾತದ ಕತೆ ಬೇರೆ. ನಮ್ಮ ಅತ್ತೆ ತಿಪ್ಪೆಗುಂಡಿಯ ಪಕ್ಕ ನಿಂತು ಗೊಬ್ಬರವನ್ನು ಮುಷ್ಟಿಯಲ್ಲಿ ಹಿಂಡಿ, ಮೂಗಿನ ಹತ್ತಿರ ತಂದು, ‘ಇದು ಕೊಳೆತಿದೆ, ಕಳಿತಿಲ್ಲ’ ಎನ್ನುತ್ತಿದ್ದರು. ನಾನು ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಏರೋಬಿಕ್, ಅನೇರೋಬಿಕ್ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅತ್ತೆಗೆ ಎರಡು ಕ್ರಿಯಾಪದ ಸಾಕಾಗಿದ್ದವು. ಗಾಳಿಯಿದ್ದಲ್ಲಿ ಎಲೆ ಕಳಿಯುತ್ತದೆ, ಗಾಳಿ ಸಿಗದಲ್ಲಿ ಕೊಳೆಯುತ್ತದೆ. ಕಳಿತದ್ದಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ, ಕೊಳೆತದ್ದಕ್ಕೆ ನಿಮ್ಮ ಕೆರೆಮೂಲೆಯ ವಾಸನೆ.

ಗಾಳಿಯ ಲೆಕ್ಕವನ್ನು ಸ್ವಲ್ಪ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಒಂದು ಲೀಟರ್ ನೀರು 20 ಡಿಗ್ರಿ ಉಷ್ಣತೆಯಲ್ಲಿ ಕರಗಿಸಿಟ್ಟುಕೊಳ್ಳುವುದು 9 ಮಿಲಿಗ್ರಾಂ. ಬೇಸಿಗೆಯಲ್ಲಿ 30 ಡಿಗ್ರಿಗೆ ಏರಿದರೆ ಏಳೂವರೆಗೆ ಇಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಅದು ಹರಡುವ ವೇಗವೂ ಗಾಳಿಯಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಕಾಡಿನ ನೆಲದ ಮೇಲೆ ಬಿದ್ದ ಎಲೆಗೆ ಸುತ್ತ ಹಬ್ಬದೂಟ. ಕೆರೆಯ ತಳದಲ್ಲಿ ಒಂದರ ಮೇಲೊಂದು ಕೂತ ಎಲೆಗೆ ತುತ್ತಿಗೂ ತತ್ವಾರ. ಮೇಲಿನ ಎಲೆ ತಿನ್ನುವ ಬ್ಯಾಕ್ಟೀರಿಯಾಗಳು ಇದ್ದಷ್ಟು ಆಮ್ಲಜನಕವನ್ನು ಮುಗಿಸಿದ ಮೇಲೆ ಕೆಳಗೆ ಗಾಳಿ ಬೇಡದ ಬಳಗ ಕೆಲಸಕ್ಕೆ ಇಳಿಯುತ್ತದೆ. ಅವುಗಳಲ್ಲಿ ಒಂದು ಗುಂಪು ನೀರಿನಲ್ಲಿರುವ ಗಂಧಕದ ಲವಣದಿಂದ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ಮೊಟ್ಟೆಯ ನಾತ ಅದರದೇ. ಅದು ಮಣ್ಣಿನ ಕಬ್ಬಿಣದೊಂದಿಗೆ ಸೇರಿದಾಗ ಕೆಸರು ಮಸಿಗಪ್ಪಾಗುತ್ತದೆ. ಇನ್ನೊಂದು ಗುಂಪು ಮೀಥೇನ್ ಮಾಡುತ್ತದೆ. ಆ ಮೂಲೆಗೆ ಒಂದು ಬಿದಿರಿನ ಗಳ ಇಳಿಸಿ ಕೆದಕಿದರೆ ಬುಳಬುಳ ಗುಳ್ಳೆ ಏಳುತ್ತದಲ್ಲ, ಅದು. 1776ರಲ್ಲಿ ಇಟಲಿಯ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಹೀಗೆಯೇ ಕೆದಕಿ, ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು ಉರಿಸಿ ನೋಡಿದ್ದ. ಬ್ಯಾಟರಿ ಮಾಡಿ ಹೆಸರಾದ ವೋಲ್ಟಾನೇ ಇವನು. ನೀವು ಕೆದಕಿದರೆ ಸಾಕು, ಬೆಂಕಿಕಡ್ಡಿ ಗೀರುವುದು ಬೇಡ.

ಈಗ ನನ್ನ ತಪ್ಪಿನ ಕತೆ. ಬಾಳ್ಳುಪೇಟೆಯ ಹತ್ತಿರದ ನಮ್ಮ ತೋಟದಲ್ಲಿಯೂ ಒಂದು ಕಟ್ಟೆ ಇದೆ. ನಿವೃತ್ತಿಯಾದ ವರ್ಷ, ಕೈಯಲ್ಲಿ ಪುರಸೊತ್ತೂ ದುಡ್ಡೂ ಒಟ್ಟಿಗೇ ಇದ್ದ ಅಪರೂಪದ ಬೇಸಿಗೆಯಲ್ಲಿ, ಆರು ಜನರನ್ನು ಹಚ್ಚಿ ತಳದವರೆಗೆ ಬಳಿಸಿದೆ. ಸುಣ್ಣವನ್ನೂ ಎರಚಿಸಿದೆ. ಜೂನ್ ಮಳೆಗೆ ಕಟ್ಟೆ ತುಂಬಿತು, ನೀರು ಕನ್ನಡಿ. ನೆಂಟರು ಬಂದು ಫೋಟೋ ತೆಗೆಸಿಕೊಂಡರು. ಆಗಸ್ಟಿನಲ್ಲಿ ಬಕೆಟ್ಟಿಗೆ ಒಂದು ಮೊಗೆ ನೀರು ಹಾಕಿಕೊಂಡು ನೋಡುತ್ತೇನೆ, ಸೊಳ್ಳೆಮರಿ ಬಿಟ್ಟರೆ ಇನ್ನೊಂದು ಜೀವವಿಲ್ಲ. ಸೊಳ್ಳೆಮರಿಗಳನ್ನು ತಿನ್ನುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಮರಿಗಳು ಎಲೆಯ ಅಡಿಯಲ್ಲಿ ಅವಿತು ಬೇಟೆಯಾಡುವಂಥವು. ಗೊದಮೊಟ್ಟೆಗಳು ಎಲೆಯ ಮೇಲಿನ ಲೋಳೆಯನ್ನು ಕೆರೆದು ತಿಂದು ಬೆಳೆಯುವಂಥವು. ಮನೆ, ಅಡುಗೆಮನೆ ಎರಡನ್ನೂ ನಾನು ಅಡಿಕೆ ಬುಡಕ್ಕೆ ಹಾಕಿಸಿದ್ದೆ. ಕಟ್ಟೆ ಮೊದಲಿನಂತಾಗಲು ಮೂರು ಮಳೆಗಾಲ ಹಿಡಿಯಿತು.

ನೀವು ಮಾಡಬೇಕಾದದ್ದು ಇಷ್ಟು. ನಾತದ ಮೂಲೆಯನ್ನು ಮಾತ್ರ ಏಪ್ರಿಲ್‌ನಲ್ಲಿ ನೀರು ತಗ್ಗಿದಾಗ ಬಳಿಸಿ, ಉಳಿದದ್ದಕ್ಕೆ ಕೈ ಹಚ್ಚಬೇಡಿ. ತೆಗೆದ ಎಲೆಯನ್ನು ಎರಡು ದಿನ ದಡದಲ್ಲೇ ರಾಶಿ ಹಾಕಿಡಿ. ಅದರೊಳಗಿನ ಜೀವಗಳಲ್ಲಿ ಕಾಲಿರುವವು ನೀರಿಗೆ ಮರಳುತ್ತವೆ. ಆ ಬದಿಯ ಮರಗಸಿ, ಅಂದರೆ ನೆರಳುಮರದ ರೆಂಬೆ ಸವರುವುದನ್ನು, ಸ್ವಲ್ಪ ಗಟ್ಟಿಯಾಗಿ ಮಾಡಿಸಿ, ಬೀಳುವ ಎಲೆಯೂ ಕಡಿಮೆಯಾಗುತ್ತದೆ, ನೀರಿಗೆ ಬೆಳಕೂ ಸಿಗುತ್ತದೆ. ಮೇಲಿನಿಂದ ಸಣ್ಣ ತೊರೆ ಬರುತ್ತಿದ್ದರೆ ಅದರ ಬಾಯಿ ಕಟ್ಟದಂತೆ ನೋಡಿಕೊಳ್ಳಿ.

ಚಿಕ್ಕಮಗಳೂರಿನ ಒಂಬತ್ತನೆಯ ತರಗತಿ ವಿದ್ಯಾರ್ಥಿನಿ: ಟೀಚರ್, ಮುತ್ತೋಡಿಗೆ ಶಾಲೆಯಿಂದ ಹೋಗಿದ್ದೆವು. ಕಾಡಿನಲ್ಲಿ ಯಾರೂ ಕಸ ಗುಡಿಸುವುದಿಲ್ಲ. ಸಾವಿರಾರು ವರ್ಷದಿಂದ ಎಲೆ ಬೀಳುತ್ತಿದೆ. ಹಾಗಾದರೆ ಎಲೆಯ ಬೆಟ್ಟವೇ ಆಗಬೇಕಿತ್ತಲ್ಲ?

ಈ ತಿಂಗಳ ಕಾಗದಗಳಲ್ಲಿ ನಿನ್ನದೇ ನನಗೆ ಹೆಚ್ಚು ಹಿಡಿಸಿತು ಮರಿ. ಇಂಥ ಕಾಡಿನಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಐದರಿಂದ ಹತ್ತು ಟನ್ನಿನಷ್ಟು ಒಣ ಎಲೆ, ಕಡ್ಡಿ, ಹೂ ಉದುರುತ್ತದೆ. ನಿನ್ನ ಲೆಕ್ಕ ಸರಿಯೇ ಇದೆ, ಬೆಟ್ಟವೇ ಆಗಬೇಕಿತ್ತು.

ಯಾಕೆ ಆಗುವುದಿಲ್ಲ ಎಂದು ನೋಡಲು ಮುತ್ತೋಡಿಗೆ ಹೋಗಬೇಕಾಗಿಲ್ಲ. ನಿನ್ನ ಮನೆಯ ಹತ್ತಿರ ಯಾರೂ ಗುಡಿಸದ ಒಂದು ದೊಡ್ಡ ಮರದ ಬುಡ ಹುಡುಕು. ಸೆಪ್ಟೆಂಬರ್ ಒಳ್ಳೆಯ ತಿಂಗಳು. ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗು, ಒಂದು ಕಡ್ಡಿಯಿಂದ ಎಲೆಯನ್ನು ಪದರ ಪದರವಾಗಿ ಎತ್ತು. ಕೈ ಹಾಕಬೇಡ, ಚೇಳು ಇರಬಹುದು. ಮೇಲಿನ ಎಲೆಗೆ ಇನ್ನೂ ಹೆಸರಿದೆ. ಇದು ಮತ್ತಿ, ಇದು ನಂದಿ ಎಂದು ಗುರುತಿಸಬಹುದು. ಅದರ ಕೆಳಗಿನವು ಒದ್ದೆ ಹಪ್ಪಳದಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೆಲ್ಲಗೆ ಬಿಡಿಸಿದರೆ ನಡುವೆ ಹತ್ತಿಯ ಎಳೆಗಿಂತ ತೆಳುವಾದ ಬಿಳಿ ಜಾಲ. ಅದು ಶಿಲೀಂಧ್ರ, ಅಣಬೆ ಎಂದು ನಾವು ನೋಡುವುದು ಅದರ ಹಣ್ಣನ್ನು ಮಾತ್ರ, ಗಿಡವೆಲ್ಲ ಇಲ್ಲಿ ಕೆಳಗಿದೆ. ಇನ್ನೊಂದು ಪದರ ಕೆಳಗೆ ಎಲೆಯ ಮಾಂಸವೆಲ್ಲ ಹೋಗಿ ನರಗಳಷ್ಟೇ ಉಳಿದಿರುತ್ತವೆ, ಅಜ್ಜಿಯ ರವಿಕೆಯ ಲೇಸಿನಂತೆ. ಒಂದನ್ನು ನೋಟ್‌ಬುಕ್ಕಿನಲ್ಲಿ ಒತ್ತಿಟ್ಟುಕೋ. ನಾಲ್ಕು ಬೆರಳಿನ ಆಳಕ್ಕೆ ಹೋಗುವಷ್ಟರಲ್ಲಿ ಎಲೆಯೇ ಇಲ್ಲ, ಚಿಕೋರಿ ಬೆರೆಸದ ಕಾಫಿ ಪುಡಿಯಂಥ ಕಪ್ಪು ಮಣ್ಣು. ಬೆಟ್ಟ ಹೋದದ್ದು ಅಲ್ಲಿಗೆ.

ಅಲ್ಲಿಗೆ ಮಾತ್ರವಲ್ಲ. ಎಲೆಯ ಬಹುಪಾಲು ಇಂಗಾಲ ಅದನ್ನು ತಿಂದವರ ಉಸಿರಾಗಿ ಗಾಳಿಗೆ ಮರಳುತ್ತದೆ. ತಿಂದವರು ಯಾರು? ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿ, ಎರೆಹುಳು, ಸಾಸಿವೆಗಿಂತ ಸಣ್ಣದಾಗಿದ್ದು ಚಿಮ್ಮುವ ಬಿಳಿ ಹುಳುಗಳು, ಗೆದ್ದಲು. ಗೆದ್ದಲಂತೂ ಬೇಸಾಯಗಾರ. ಎಲೆ, ಕಟ್ಟಿಗೆಯ ಚೂರನ್ನು ನುಂಗಿ ಹುತ್ತದೊಳಗೆ ತಂದು, ಅದರ ಮೇಲೆ ಒಂದು ಶಿಲೀಂಧ್ರವನ್ನು ಬೆಳೆಸಿ, ಆಮೇಲೆ ಊಟ ಮಾಡುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯನ್ನು ನಿಮ್ಮ ಮನೆಯಲ್ಲಿ ಸಾರು ಮಾಡಿದ್ದರೆ ನೀನು ಉಂಡದ್ದು ಗೆದ್ದಲಿನ ತೋಟದ ಬೆಳೆ.

ಇವರೆಲ್ಲ ಕತ್ತರಿಸುವವರು, ಕೊನೆಯ ಕೆಲಸ ಬ್ಯಾಕ್ಟೀರಿಯಾ, ಶಿಲೀಂಧ್ರಗಳದು. ಅದರಲ್ಲೂ ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಪೂರ್ತಿ ಜೀರ್ಣಿಸಿಕೊಳ್ಳುವುದು ಕೆಲವು ಜಾತಿಯ ಶಿಲೀಂಧ್ರಗಳಿಗೆ ಒಲಿದ ವಿದ್ಯೆ. ಮುತ್ತೋಡಿಯ ಕಡೆ ಎಲೆ ಹೆಚ್ಚಾಗಿ ಉದುರುವುದು ಜನವರಿಯಿಂದ ಮಾರ್ಚ್‌ವರೆಗೆ, ಒಣಗಾಲದಲ್ಲಿ. ಆಗ ಯಾರಿಗೂ ಊಟ ಸೇರುವುದಿಲ್ಲ, ತೇವ ಬೇಕು. ಜೂನ್ ಮಳೆ ಬಿದ್ದ ಮೇಲೆ ಪಂಕ್ತಿ ಶುರು.

‘ಹಣ್ಣೆಲೆ ಉದುರುವಾಗ ಕಾಯೆಲೆ ನಗುತ್ತಿತ್ತು’ ಎಂಬ ಗಾದೆಯನ್ನು ನಿಮ್ಮ ಕನ್ನಡ ಮೇಷ್ಟ್ರು ಹೇಳಿರುತ್ತಾರೆ. ಕಾಯೆಲೆ ನಗುವುದಕ್ಕೆ ಬೇರೆ ಕಾರಣವೂ ಇದೆ. ಎಲೆ ಹಣ್ಣಾಗುವುದೆಂದರೆ ಮರ ಅದರಲ್ಲಿರುವ ಸಾರಜನಕ, ರಂಜಕದಲ್ಲಿ ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಹಸಿರು ಹೋಗಿ ಹಳದಿ ಕಾಣುವುದು ಆ ವರ್ಗಾವಣೆಯ ಹೊತ್ತಿನಲ್ಲೇ. ಹಣ್ಣೆಲೆ ಆಸ್ತಿ ಬರೆದುಕೊಟ್ಟೇ ಬೀಳುತ್ತದೆ.

ಮೂಡಿಗೆರೆಯಿಂದ: ದರಗಿಗೆ ಬೆಂಕಿ ಹಚ್ಚಿದರೆ ಬೂದಿ ಸಿಗುತ್ತದೆ, ಬೂದಿಯಲ್ಲಿ ಪೊಟ್ಯಾಷ್ ಇದೆ. ಕಳಿಯಲು ಕಾಯುವುದೇಕೆ?

ಪೊಟ್ಯಾಷ್, ಸುಣ್ಣ ಇರುವುದು ನಿಜ. ಸಾರಜನಕ ಹೊಗೆಯಲ್ಲಿ ಹೋಯಿತು, ಅದೂ ನಿಜ. ಉಳಿದ ಬೂದಿಯನ್ನು ಇಳಿಜಾರಿನ ತೋಟದಲ್ಲಿ ಮೊದಲ ಜಡಿಮಳೆ ಹಳ್ಳಕ್ಕೆ ಕೊಂಡೊಯ್ಯುತ್ತದೆ. ದರಗು ಹೊದಿಕೆಯಾಗಿದ್ದರೆ ಮಳೆಹನಿಯ ಪೆಟ್ಟು ಎಲೆಗೆ ಬೀಳುತ್ತಿತ್ತು, ಈಗ ಮಣ್ಣಿಗೆ. ಅರೇಬಿಕಾ ಕಾಫಿ ಗಿಡದ ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಒಂದಡಿಯಲ್ಲೇ ಇವೆ. ಬೆಂಕಿಯ ಬಿಸಿ ಮೊದಲು ತಟ್ಟುವುದು ಅವಕ್ಕೆ. ಗಿಡಗಳ ನಡುವೆ ಮಳೆನೀರು ಇಂಗಲೆಂದು ತೊಟ್ಟಿಲು ಗುಂಡಿಗಳನ್ನು ತೆಗೆಸಿದ್ದೀರಲ್ಲ, ದರಗನ್ನು ಅವುಗಳಿಗೆ ತುಂಬಿಸಿ. ಬೆಂಕಿ ಹಚ್ಚುವ ಖುಷಿ ಬೇಕಿದ್ದರೆ ಬಚ್ಚಲೊಲೆ ಇದೆ.

ಬೇಲೂರಿನ ಓದುಗರು: ದರಗು ಬಿಡಿ ಎನ್ನುತ್ತೀರಿ. ಕಾಫಿಗೆ ಕೊಳೆರೋಗ ಬಂದರೆ ಯಾರು ಹೊಣೆ?

ಹೊಣೆ ನಾನಲ್ಲ, ದರಗೂ ಅಲ್ಲ, ಎಲ್ಲಿಯ ದರಗು ಎಂಬುದು. ಎಲೆಯನ್ನು ಮಣ್ಣಾಗಿಸುವ ಶಿಲೀಂಧ್ರಗಳು ಸತ್ತದ್ದನ್ನು ತಿನ್ನುವಂಥವು. ಕೊಳೆರೋಗದ್ದು ಬದುಕಿರುವ ಎಲೆಗೆ ಬೀಳುವ ಜಾತಿ. ಕಪ್ಪಾದ ಎಲೆ ರೆಂಬೆಯಿಂದ ಕಳಚಿದರೂ ನೆಲಕ್ಕೆ ಬೀಳದೆ ಲೋಳೆಯ ದಾರವೊಂದಕ್ಕೆ ಜೋತುಬಿದ್ದಿರುವುದನ್ನು ಜುಲೈಯಲ್ಲಿ ನೀವು ನೋಡಿಯೇ ಇರುತ್ತೀರಿ. ಆ ದಾರವೇ ರೋಗದ ಶಿಲೀಂಧ್ರ. ನಮ್ಮ ನಾಡಿನ ರೈತರ ಮಾತು ಅದರ ವೈಜ್ಞಾನಿಕ ಹೆಸರಿಗೂ ಹತ್ತಿಕೊಂಡಿದೆ. ಲ್ಯಾಟಿನ್ ಪುಸ್ತಕದಲ್ಲಿ ‘ಕೊಳೆರೋಗ ನಾಕ್ಸಿಯಾ’ ಎಂದು ಅಚ್ಚಾಗಿರುವುದನ್ನು ಮೊದಲ ಸಲ ಕಂಡಾಗ ನಾನು ಲೈಬ್ರರಿಯಲ್ಲಿ ಗಟ್ಟಿಯಾಗಿ ನಕ್ಕಿದ್ದೆ.

ಅದಕ್ಕೆ ಬೇಕಾದದ್ದು ಗಾಳಿಯಾಡದ, ಸದಾ ಒದ್ದೆಯಾದ ಗಿಡದ ನೆತ್ತಿ. ಮರಗಳಿಂದ ಬಿದ್ದ ಎಲೆ ಕಾಫಿ ಗಿಡದ ಮೇಲೇ ಸಿಕ್ಕಿಕೊಂಡು ಕೂತರೆ ಅದಕ್ಕೆ ಚಾಪೆ ಹಾಸಿಕೊಟ್ಟಂತೆ. ಮಳೆಗೆ ಮುಂಚೆ ಗಿಡಗಳನ್ನು ಅಲುಗಾಡಿಸಿ ಆ ಎಲೆಯನ್ನು ಕೆಳಕ್ಕೆ ಬೀಳಿಸಿ, ಗಿಡದ ನಡುವನ್ನು ತೆರೆದು ಗಾಳಿ ಆಡುವಂತೆ ಮಾಡಿ. ರೋಗ ಬಿದ್ದ ರೆಂಬೆಯನ್ನು ಮಾತ್ರ ಕಿತ್ತು ಸುಡಿ ಅಥವಾ ಹೂಳಿ. ನೆಲದ ದರಗು ನೆಲದಲ್ಲಿರಲಿ.

ಆಲೂರಿನಿಂದ: ಮಿಲ್ಲಿನಿಂದ ಮರದ ಹೊಟ್ಟು ತಂದು ಸಸಿಗಳ ಗುಂಡಿಗೆ ಬೆರೆಸಿದೆ. ಸಸಿಗಳೆಲ್ಲ ಹಳದಿ. ಹೊಟ್ಟಿನಲ್ಲಿ ವಿಷವಿತ್ತೇ?

ವಿಷವಿಲ್ಲ, ಹಸಿವಿತ್ತು. ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಇಪ್ಪತ್ತೈದಕ್ಕೆ ಒಂದರಂತಾದರೂ ಸಾರಜನಕ ಬೇಕು. ಕೊರತೆಯನ್ನು ಅವು ಮಣ್ಣಿನಿಂದ ಕಡ ತಂದವು, ಸಸಿಗೆ ಏನೂ ಉಳಿಯಲಿಲ್ಲ. ಸೆಗಣಿ ಬಗ್ಗಡ ಹುಯ್ಯಿರಿ. ಮುಂದಿನ ಸಲ ಹೊಟ್ಟನ್ನು ತಿಪ್ಪೆಗೆ ಹಾಕಿ ವರ್ಷ ಬಿಟ್ಟು ತೆಗೆಯಿರಿ.

ಹೆಸರೂ ಊರೂ ಬೇಡವೆಂದವರು: ನಮ್ಮ ಮೇಲಿನ ತೋಟದವರು ಡಿಸೆಂಬರಿನಲ್ಲಿ ಪಲ್ಪರ್ ನೀರನ್ನು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು) ಹಳ್ಳಕ್ಕೆ ಬಿಡುತ್ತಾರೆ. ಬೆಳಗಾದರೆ ಮೀನು ಸತ್ತು ತೇಲುತ್ತವೆ. ಕೇಳಿದರೆ ‘ಅದರಲ್ಲಿ ಔಷಧಿ ಏನೂ ಇಲ್ಲ, ಬರಿ ಹಣ್ಣಿನ ರಸ’ ಎನ್ನುತ್ತಾರೆ. ಹಣ್ಣಿನ ರಸಕ್ಕೆ ಮೀನು ಸಾಯುತ್ತದೆಯೇ?

ಸಾಯುತ್ತದೆ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದೇ ಕಷ್ಟ. ಕಾಫಿ ಬೀಜದ ಮೇಲಿನ ಅಂಟು ಎಂದರೆ ಸಕ್ಕರೆ ಮತ್ತು ಪೆಕ್ಟಿನ್. ಮರದ ಎಲೆ ಹಳ್ಳಕ್ಕೆ ತಿಂಗಳುಗಟ್ಟಲೆ ಚೂರುಚೂರಾಗಿ ಬಡಿಸುವುದನ್ನು ಪಲ್ಪರ್ ನೀರು ಒಂದೇ ರಾತ್ರಿ ಸುರಿಯುತ್ತದೆ. ಬ್ಯಾಕ್ಟೀರಿಯಾಗಳು ಮೇಲಿಂದ ಮೇಲೆ ಇಮ್ಮಡಿಯಾಗಿ, ಲೀಟರಿಗೆ ಇದ್ದ ಎಂಟು ಒಂಬತ್ತು ಮಿಲಿಗ್ರಾಂ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಮಾಡುವುದಿಲ್ಲ, ಅದೂ ಉಸಿರಾಡುತ್ತಿರುತ್ತದೆ. ಹಾಗಾಗಿ ಬೆಳಗಿನ ಜಾವ ನೀರು ತೀರಾ ಬಡವಾಗಿರುತ್ತದೆ. ಐದು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡಿ, ಸಾಯುವ ಮೊದಲು ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಉಸಿರು ಕಟ್ಟಿದ್ದರ ಗುರುತು ಅದು. ಹಳ್ಳ ಸಣಕಲಾಗಿರುವ ಕಾಲಕ್ಕೇ ಕಾಫಿ ಕೊಯ್ಲೂ ಬರುವುದು ಇನ್ನೊಂದು ದುರದೃಷ್ಟ.

ಪಲ್ಪರ್ ನೀರನ್ನು ತೊಟ್ಟಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆದು, ಸಂಸ್ಕರಿಸಿದ ಮೇಲೆ ಬಳಸುವ ಕ್ರಮ ಕಾಫಿ ಬೆಳೆಗಾರರಿಗೆಲ್ಲ ಗೊತ್ತಿದೆ. 1974ರ ಜಲ ಮಾಲಿನ್ಯ ಕಾಯ್ದೆ ಕೊಳಕು ನೀರನ್ನು ಹಳ್ಳಕ್ಕೆ ಬಿಡಬಾರದು ಎನ್ನುತ್ತದೆ. ಹಣ್ಣಿನ ರಸವೆಂದು ವಿನಾಯಿತಿ ಕೊಡುವುದಿಲ್ಲ. ಮೊದಲು ಈ ಅಂಕಣವನ್ನು ಮಡಿಸಿ ಅವರ ಪೇಪರಿನ ಜೊತೆಗೆ ಇಡಿ. ಆಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ.

ಕೊಪ್ಪದ ಓದುಗರು: ಜುಲೈನ ಒಂದು ರಾತ್ರಿ ಕರೆಂಟ್ ಹೋಗಿತ್ತು. ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಹಳೆಯ ಕೊರಡು ಹಸಿರಾಗಿ ಹೊಳೆಯುತ್ತಿತ್ತು. ಮನೆಯವರು ಯಾರೂ ಹತ್ತಿರ ಹೋಗಲು ಬಿಡಲಿಲ್ಲ. ಏನದು?

ನಿಮ್ಮ ಅದೃಷ್ಟಕ್ಕೆ ನನಗೆ ಹೊಟ್ಟೆಕಿಚ್ಚು. ನಾನು ಅದನ್ನು ನೋಡಿದ್ದು ಜೀವಮಾನದಲ್ಲಿ ಎರಡೇ ಸಲ. ಕೊರಡನ್ನು ತಿನ್ನುತ್ತಿರುವ ಶಿಲೀಂಧ್ರದ ಬೆಳಕು ಅದು. ಜಗತ್ತಿನಲ್ಲಿ ಹೀಗೆ ಹೊಳೆಯುವ ಜಾತಿಗಳು ನೂರಕ್ಕೂ ಹೆಚ್ಚು ಇವೆ, ಎಲ್ಲದರದೂ ಹಸಿರು ಛಾಯೆಯೇ. ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಂದಿಗೆ ಸೇರುವಾಗ ಬೆಳಕು ಹೊರಡುತ್ತದೆ. ಬಿಸಿಯಿಲ್ಲ, ಸುಡುವುದಿಲ್ಲ. ಮುಂದಿನ ಮಳೆಗಾಲ ಅದರ ಒಂದು ಚಕ್ಕೆಯನ್ನು ಗಾಜಿನ ಲೋಟದಲ್ಲಿಟ್ಟು ಕತ್ತಲ ಕೋಣೆಗೆ ಒಯ್ಯಿರಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಿ. ಮುಚ್ಚಳ ಮಾತ್ರ ಬಿಗಿಯಾಗಿ ಹಾಕಬೇಡಿ, ಗಾಳಿ ಮುಗಿದರೆ ದೀಪವೂ ಆರುತ್ತದೆ. ಮನೆಯವರನ್ನೂ ಕರೆದು ತೋರಿಸಿ.

ಅರಸೀಕೆರೆಯಿಂದ: ನಮ್ಮೂರ ಕೆರೆಯ ಹೂಳು ತೆಗೆಯುತ್ತಿದ್ದಾರೆ. ಟ್ರ್ಯಾಕ್ಟರಿಗೆ ತುಂಬಿಸಿ ತೆಂಗಿನ ತೋಟಕ್ಕೆ ಹೊಡೆಸಲೇ?

ಹೊಡೆಸಿ. ಕೆರೆಗೋಡನ್ನು ಹೊಲಕ್ಕೆ ಹಾಕುವುದು ನಿಮ್ಮ ಸೀಮೆಯ ಹಳೆಯ ಜಾಣತನ; ಸುತ್ತಲಿನ ಹೊಲಗಳ ನಯವಾದ ಮೇಲ್ಮಣ್ಣು, ಎಲೆ, ಸಗಣಿ ಎಲ್ಲ ಹರಿದು ಬಂದು ಕೂತ ಠೇವಣಿ ಅದು. ಆದರೆ ಹಸಿ ಕೆಸರನ್ನು ನೇರವಾಗಿ ಬುಡಕ್ಕೆ ಸುರಿಯಬೇಡಿ. ಹೊಲದ ಅಂಚಿನಲ್ಲಿ ಗುಡ್ಡೆ ಹಾಕಿ ಬಿಸಿಲಿಗೆ ಬಿಡಿ. ಮಸಿಗಪ್ಪು ಬಣ್ಣ ತಿರುಗಿ ಕಂದಾದರೆ, ನಾತ ಹೋದರೆ, ಹೆಂಟೆ ಕೈಯಲ್ಲಿ ಪುಡಿಯಾದರೆ, ಗಾಳಿ ಒಳಗೆ ಹೋಗಿದೆ ಎಂದರ್ಥ. ಆಗ ಹರಡಿ. ಪಟ್ಟಣದ ಚರಂಡಿ ಸೇರುವ ಕೆರೆಯದಾದರೆ ಮಾತ್ರ ಬೇಡ.

ಹಾಸನದಿಂದ: ಎರೆಹುಳು ಕೊಂಡು ತಂದು ತೋಟಕ್ಕೆ ಬಿಡಬೇಕೆಂದು ಮಾರುವವರು ಹೇಳುತ್ತಾರೆ. ಕಿಲೋಗೆ ಇಷ್ಟು ಎಂದು ದರವೂ ಹೇಳಿದ್ದಾರೆ.

ಮಾರಾಟಕ್ಕೆ ಸಿಗುವ ಹುಳುಗಳು ಹೆಚ್ಚಾಗಿ ಗೊಬ್ಬರದ ತೊಟ್ಟಿಗೆ ಹೇಳಿ ಮಾಡಿಸಿದವು. ತೊಟ್ಟಿಗಾದರೆ ಕೊಳ್ಳಿ. ತೋಟದ ಮಣ್ಣಿನೊಳಗೆ ಕೊರೆಯುವವರು ಬೇರೆ, ಅವರು ಅಲ್ಲಿಯೇ ಇದ್ದಾರೆ. ನಂಬಿಕೆಯಿಲ್ಲದಿದ್ದರೆ ಮಳೆ ಹಿಡಿದ ಮೇಲೆ ಒಂದು ಹಿಡಿ ದರಗು, ಒಂದು ಬೊಗಸೆ ಸಗಣಿ ನೆಲಕ್ಕೆ ಹಾಕಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹಾರದಂತೆ ನಾಲ್ಕು ಮೂಲೆಗೆ ಕಲ್ಲಿಡಿ. ಹದಿನೈದು ದಿನ ಬಿಟ್ಟು ಬೆಳಗ್ಗೆ ಚೀಲ ಎತ್ತಿ ಎಣಿಸಿ. ಲೆಕ್ಕವನ್ನು ನನಗೂ ಒಂದು ಕಾರ್ಡಿನಲ್ಲಿ ಬರೆಯಿರಿ. ಹೋದ ವರ್ಷ ನನ್ನ ಚೀಲದಡಿ ಇಪ್ಪತ್ತಮೂರು ಇದ್ದವು, ಜೊತೆಗೆ ಒಂದು ಕಪ್ಪೆ. ಅದು ಬರುವ ಮೊದಲು ಎಷ್ಟಿದ್ದವೋ.